ಸೀದಾ ಹೋದರೆ ಎಗೈಲಾ

(ಕೂಟದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕಾರ್ಯದರ್ಶಿಗಳು ಫೋನ್ ಮಾಡಿ, "ಪರದೇಶದಲ್ಲಿ ದಿನನಿತ್ಯದ ಸಾಹಸಗಳು ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತನಾಡಬೇಕು" ಎಂದಾಗ ನನಗೆ ನಗು ಬಂತು. ನಾನೊಬ್ಬ ಗೃಹಿಣಿ. ನಾನು ಮಾಡಿದ ಸಾಹಸವೆಂದರೆ ಕುವೈತಿನ ಜುಲೈ ತಿಂಗಳಿನಲ್ಲಿ ಅಡಿಗೆಮನೆಯೊಳಗೆ ನಿಂತು ಒಬ್ಬಟ್ಟು ಬೇಯಿಸಿದ್ದು. ಇದೇ ಸಭೆಯಲ್ಲಿ ನಿಜವಾದ ಸಾಹಸಿಗಳು ಕುಳಿತಿದ್ದಾರೆ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿದಾಗ ಇಲ್ಲೇ ಇದ್ದವರು, ಮಕ್ಕಳನ್ನು ಎತ್ತಿಕೊಂಡು ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದವರು, ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಮನೆಗೆ ಕರೆತಂದ ಸುಮಾರು 1,70,000 ಭಾರತೀಯರಲ್ಲಿ ಸೇರಿದವರು ನಮ್ಮ ಹಿರಿಯರಲ್ಲಿದ್ದಾರೆ. ಅವರ ಮುಂದೆ ನಾನು ಸಾಹಸದ ಮಾತಾಡುವುದು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಆದರೂ ಒಪ್ಪಿಕೊಂಡೆ. ಕಾರಣ ನನ್ನ ಸೋದರಮಾವ. ಅವರು 1970ರ ದಶಕದಲ್ಲಿ ಇಥಿಯೋಪಿಯಾದ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು. ಆಗ ನಮ್ಮ ದೇಶದಿಂದ ಅನೇಕ ಅಧ್ಯಾಪಕರು ಅಲ್ಲಿಗೆ ಹೋಗುತ್ತಿದ್ದರು. ಮಾವ ರಜೆಗೆ ಬಂದಾಗ ನಾವು ಮಕ್ಕಳೆಲ್ಲ ಸುತ್ತ ಕುಳಿತು, "ಮಾವ, ಸಿಂಹ ಬಂತಾ?" ಎಂದು ಕೇಳುತ್ತಿದ್ದೆವು. ಮಾವ ಹೇಳುತ್ತಿದ್ದರು: "ಸಿಂಹ ಬರಲಿಲ್ಲ ಮಗು, ಸೀಮೆಎಣ್ಣೆ ಬರಲಿಲ್ಲ." ನಮಗೆ ನಿರಾಸೆಯಾಗುತ್ತಿತ್ತು. ಭಾಷೆ ಬಾರದ ಊರಿನಲ್ಲಿ ಉಪ್ಪು, ಬೆಂಕಿಪೆಟ್ಟಿಗೆ, ಸೀಮೆಎಣ್ಣೆ ಸಂಪಾದಿಸುವುದು ಎಂಥ ಸಾಹಸ ಎಂಬುದು ನನಗೆ ಅರ್ಥವಾಗಿದ್ದು ನಾನು ಎಗೈಲಾಕ್ಕೆ ಬಂದ ಮೇಲೆ.

ನಾವು 2010ರ ಕೊನೆಯಲ್ಲಿ ಎಗೈಲಾಕ್ಕೆ ಮನೆ ಬದಲಾಯಿಸಿದೆವು. ಅದು ಅಹ್ಮದಿ ಪ್ರಾಂತ್ಯಕ್ಕೆ ಸೇರಿದ ಬಡಾವಣೆ. ಫಿಂತಾಸ್, ಮಹಬೂಲಾ, ಅಬುಹಲೀಫಾ ನೆರೆಯ ಊರುಗಳು. ಮಂಗಾಫ್, ಫಹಾಹೀಲ್ ಕಡೆಯ ನಮ್ಮವರು ಅದನ್ನು "ವಿಲ್ಲಾಗಳ ಊರು" ಎನ್ನುತ್ತಾರೆ. ಕುವೈತಿ ಕುಟುಂಬಗಳು ಕಟ್ಟಿಸಿದ ಮೂರು ಅಂತಸ್ತಿನ ಮನೆಗಳು, ಕೆಳಗೆ ಯಜಮಾನರ ಸಂಸಾರ, ಮೇಲಿನ ಅಂತಸ್ತು ಎಷ್ಟೋ ಕಡೆ ನಮ್ಮಂಥವರಿಗೆ ಬಾಡಿಗೆಗೆ. ಅರಬ್ಬಿಯಲ್ಲಿ ಬರೆಯುವುದು ಒಂದು ರೀತಿ, ಕುವೈತಿಗಳು ಉಚ್ಚರಿಸುವುದು ಇನ್ನೊಂದು ರೀತಿ. ಹಾಗಾಗಿ ಅದೇ ಊರು ಒಂದು ಬೋರ್ಡಿನಲ್ಲಿ ಅಕೀಲಾ, ಇನ್ನೊಂದರಲ್ಲಿ ಉಕೈಲಾ, ನಮ್ಮ ಬಾಯಲ್ಲಿ ಎಗೈಲಾ. ಮೊದಲ ತಿಂಗಳು ಟ್ಯಾಕ್ಸಿಯವನಿಗೆ ಊರಿನ ಹೆಸರು ಹೇಳುವುದೇ ಒಂದು ಪರೀಕ್ಷೆ.

ಅಲ್ಲಿಯ ಮನೆಗಳಿಗೆ ಗುರುತು ಎಂಬುದು ಇಲ್ಲ. ನಮ್ಮೂರಿನಲ್ಲಾದರೆ "ಮಾರಮ್ಮನ ಗುಡಿ ದಾಟಿ, ಹುಣಸೆಮರದ ಎಡಕ್ಕೆ, ಹಸಿರು ಗೇಟು" ಎಂದರೆ ಸಾಕು. ಇಲ್ಲಿ ಕತಾ ಇಷ್ಟು, ಶಾರಿ ಇಷ್ಟು, ಮನೆ ಇಷ್ಟು, ಅಂದರೆ ಬ್ಲಾಕು, ಬೀದಿ, ಮನೆಯ ನಂಬರು. ಎಲ್ಲ ಗೋಡೆಗಳೂ ಮರಳಿನ ಬಣ್ಣ, ಎಲ್ಲ ಮನೆಗಳ ಮುಂದೆಯೂ ಬಿಳಿಯ ಕಾರು. ನಮ್ಮ ಮನೆಯವರೇ ಒಂದು ರಾತ್ರಿ ಪಕ್ಕದ ಬೀದಿಯ ಮನೆಯ ಮೂರನೆಯ ಮಹಡಿ ಹತ್ತಿ, ಬೇರೆಯವರ ಬಾಗಿಲಿಗೆ ನಮ್ಮ ಬೀಗದಕೈ ಹಾಕಿ ತಿರುಗಿಸುತ್ತಿದ್ದರು. ಒಳಗಿನವರು ಬಾಗಿಲು ತೆಗೆದು, ಬೈಯುವ ಬದಲು, "ಬನ್ನಿ, ಚಾ ಕುಡಿಯಿರಿ" ಎಂದರಂತೆ. ಕುವೈತಿನಲ್ಲಿ ತಪ್ಪು ಬಾಗಿಲಿನಲ್ಲೂ ಚಹಾ ಸಿಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯ ಸಾಹಸ ನೀರಿನದು. ಮೊದಲ ಬೇಸಿಗೆಯಲ್ಲಿ ನಾಲ್ಕು ವರ್ಷದ ಮಗನಿಗೆ ಸ್ನಾನ ಮಾಡಿಸಲು ತಣ್ಣೀರಿನ ನಲ್ಲಿ ತಿರುಗಿಸಿದೆ. ಪುಣ್ಯಕ್ಕೆ ಮೊದಲು ನನ್ನ ಕೈಯೊಡ್ಡಿದೆ. ಚುರ್ ಎಂದಿತು. ಮಹಡಿಯ ಮೇಲಿನ ಟ್ಯಾಂಕು ಇಡೀ ದಿನ ಬಿಸಿಲು ಕುಡಿದು ಕುದಿಯುತ್ತಿತ್ತು. ಪಕ್ಕದ ಮನೆಯ ಕೇರಳದ ಚೇಚಿ ಬಂದು ಗುಟ್ಟು ಹೇಳಿಕೊಟ್ಟರು: "ಮೇ ತಿಂಗಳಲ್ಲಿ ಗೀಸರಿನ ಸ್ವಿಚ್ಚು ಆರಿಸಿಬಿಡು. ಅದು ಬಚ್ಚಲಿನ ಒಳಗಿರುವುದರಿಂದ ಅದರಲ್ಲಿ ನಿಂತ ನೀರು ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಬಿಸಿನೀರಿನ ನಲ್ಲಿಯಲ್ಲೇ ತಣ್ಣೀರು." ಲೋಕವೇ ತಲೆಕೆಳಗು! 2016ರ ಜುಲೈ 21ರಂದು ಇದೇ ದೇಶದ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ವಿಶ್ವ ಹವಾಮಾನ ಸಂಸ್ಥೆಯವರು ಆಮೇಲೆ ಪರಿಶೀಲಿಸಿ ಅದನ್ನು ಒಪ್ಪಿದರು. ನಾವು ಆ ದಿನ ಪರದೆ ಎಳೆದುಕೊಂಡು ಒಳಗೆ ಮಲಗಿದ್ದೆವು. ಹೊರಗೆ ದುಡಿಯುವವರಿಗಾಗಿ ಸರಕಾರ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನ ಕೆಲಸವನ್ನು ನಿಷೇಧಿಸುತ್ತದೆ. ಆದರೆ ಬೆಳಿಗ್ಗೆ 10ಕ್ಕೆ ಬಿಸಿಲೇನೂ ಕಡಿಮೆ ಇರುವುದಿಲ್ಲ ಎಂಬುದು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ನಮಗೆಲ್ಲ ಗೊತ್ತು.

ಮೂರನೆಯದು ಭಾಷೆ. ನೀರಿಗೆ ಕುವೈತಿಗಳು "ಮಾಯ್" ಎನ್ನುತ್ತಾರೆ, ಇಲ್ಲ ಎನ್ನುವುದಕ್ಕೆ "ಮಾಕು". ಒಂದು ಬೆಳಿಗ್ಗೆ ಯಜಮಾನರ ಹೆಂಡತಿ ಬಾಗಿಲು ತಟ್ಟಿ ಗಾಬರಿಯಿಂದ "ಮಾಯ್ ಮಾಕು, ಮಾಯ್ ಮಾಕು" ಎಂದರು. ನನಗೆ ಕೇಳಿಸಿದ್ದು "ಮೈ". ನನ್ನ ಮೈಗೇನಾಯಿತಪ್ಪಾ ಎಂದು ಕನ್ನಡಿ ನೋಡಿಕೊಂಡು ಬಂದೆ. ಅವರು ನನ್ನ ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ನಲ್ಲಿ ತಿರುಗಿಸಿ ತೋರಿಸಿದರು. ಟ್ಯಾಂಕು ಖಾಲಿ! ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅಂದಿನಿಂದ ನನಗೆ ಅವರೇ ಅರಬ್ಬಿ ಮೇಷ್ಟರು. ಆಗ ಗೊತ್ತಾಯಿತು, ಈ ಭಾಷೆ ನಾನು ತಿಳಿದಷ್ಟು ಪರಕೀಯವಲ್ಲ ಎಂದು. ಫ್ಯಾನಿಗೆ ಇವರು "ಬಾಂಕಾ" ಎನ್ನುತ್ತಾರೆ, ಅದು ನಮ್ಮ ಪಂಖ. ಪಾದರಕ್ಷೆಗೆ "ಜೂತಿ". ಉಪ್ಪಿನಕಾಯಿಗೆ "ಅಚಾರ್". ನೇರವಾಗಿ ಹೋಗು ಎನ್ನಲು "ಸೀದಾ". ನಮ್ಮ ತುಮಕೂರು, ಕೋಲಾರದ ಹಳ್ಳಿಗರು ಹೇಳುವ ಅದೇ ಸೀದಾ.

ಇದಕ್ಕೆ ಕಾರಣ ಎಣ್ಣೆಗಿಂತ ಹಳೆಯದು. 1946ರಲ್ಲಿ ಕುವೈತಿನಿಂದ ಮೊದಲ ತೈಲದ ಹಡಗು ಹೊರಟಿತು. ಅದಕ್ಕೆ ಮುಂಚೆ ಇಲ್ಲಿಯವರ ಹಾಯಿಹಡಗುಗಳು ಖರ್ಜೂರ ತುಂಬಿಕೊಂಡು ಮಂಗಳೂರು, ಕಲ್ಲಿಕೋಟೆಗಳ ಕಡೆಗೆ ಬರುತ್ತಿದ್ದವು. ಹಡಗು ಕಟ್ಟಲು ತೇಗದ ಮರ ನಮ್ಮ ಕಡಲ ತೀರದಿಂದ, ಮನೆಯ ಮಾಡಿಗೆ ಕಾಂಡ್ಲಾ ಮರದ ಗಳುಗಳು ಪೂರ್ವ ಆಫ್ರಿಕಾದಿಂದ. 1938-39ರಲ್ಲಿ ಅಲನ್ ವಿಲಿಯರ್ಸ್ ಎಂಬ ನಾವಿಕ ಇಂಥದೊಂದು ಕುವೈತಿ ಹಡಗಿನಲ್ಲಿ ಆಫ್ರಿಕಾಕ್ಕೆ ಹೋಗಿ ಬಂದು ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾನೆ. 1961ರಲ್ಲಿ ದಿನಾರ್ ಬರುವ ತನಕ ಇಲ್ಲಿಯ ಪೇಟೆಯಲ್ಲಿ ಓಡಾಡುತ್ತಿದ್ದದ್ದು ನಮ್ಮ ರೂಪಾಯಿ. ಈ ಇತಿಹಾಸವನ್ನು ನಾನು ಓದಿದ್ದಕ್ಕಿಂತ ಹೆಚ್ಚಾಗಿ ಕೇಳಿದ್ದು ನಮ್ಮ ಮನೆಯ ಯಜಮಾನರ ಬಾಯಿಂದ. ಅವರ ಅಜ್ಜ ಹಡಗಿನಲ್ಲಿ ಮಂಗಳೂರು ಕಂಡವರಂತೆ. ಕರ್ನಾಟಕ ಎಂದರೆ ಯಜಮಾನರಿಗೆ ಗೊತ್ತಾಗಲಿಲ್ಲ, ಮಂಗಳೂರು ಎಂದ ಕೂಡಲೇ ಬಾಡಿಗೆಯಲ್ಲಿ ಹತ್ತು ದಿನಾರ್ ಇಳಿಸಿದರು! ನಾವು ಮಂಗಳೂರಿನವರಲ್ಲ ಎಂಬ ಸತ್ಯವನ್ನು ನಮ್ಮ ಮನೆಯವರು ಆಮೇಲೆ ಎಂದೂ ಹೇಳಲಿಲ್ಲ. ನೀವೂ ಹೇಳಬೇಡಿ.

ನಾಲ್ಕನೆಯದು ಧೂಳು. 2011ರ ಮಾರ್ಚ್ 25, ಶುಕ್ರವಾರ, ಇಲ್ಲಿದ್ದವರು ಯಾರೂ ಮರೆಯುವಂತಿಲ್ಲ. ಕಂದು ಬಣ್ಣದ ಒಂದು ಗೋಡೆ ಆಕಾಶದೆತ್ತರಕ್ಕೆ ಎದ್ದು ನಡೆದುಬಂತು, ಹಗಲು ಹಗಲಾಗಿರುವಾಗಲೇ ಕತ್ತಲಾಯಿತು. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿದರೂ ಬೆಳಿಗ್ಗೆ ಸಕ್ಕರೆ ಡಬ್ಬಿಯಲ್ಲಿ ಮರಳು. ಚಳಿಗಾಲ ಮುಗಿದು ಬೇಸಿಗೆ ಬರುವ ನಡುವಿನ ಈ ದಿನಗಳಲ್ಲಿ ಗಾಳಿ ಯಾವಾಗ ತಿರುಗುತ್ತದೆ, ಧೂಳು ಯಾವಾಗ ಏಳುತ್ತದೆ, ಮಳೆ ಯಾವಾಗ ಬೀಳುತ್ತದೆ ಹೇಳಲಾಗದು. ಇದಕ್ಕೆ ಇಲ್ಲಿಯವರು "ಸರಾಯಾತ್" ಎಂದು ಹೆಸರಿಟ್ಟಿದ್ದಾರೆ. ಮಳೆಯೂ ಅಷ್ಟೆ, ಬಂದರೆ ಬಂತು. 2018ರ ನವೆಂಬರಿನಲ್ಲಿ ಬಂದ ಮಳೆಗೆ ರಸ್ತೆಗಳು ಕೆರೆಗಳಾಗಿ, ವಿಮಾನ ನಿಲ್ದಾಣವನ್ನೂ ಕೆಲವು ಹೊತ್ತು ಮುಚ್ಚಬೇಕಾಯಿತು.

ಇಂಥ ಒಂದು ಧೂಳಿನ ದಿನದ ಕಥೆಯನ್ನು ಹೇಳಲೆಂದೇ ನಾನು ಈ ಭಾಷಣ ಒಪ್ಪಿಕೊಂಡಿದ್ದು. ಇಷ್ಟು ಹೊತ್ತು ನಿಮ್ಮನ್ನು ನಗಿಸಿದೆ. ಇನ್ನು ಹೇಳುವುದು ಬೇರೆ.

2014ರಲ್ಲಿ ನಮ್ಮ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿದ್ದರು. ನಮ್ಮ ಅತ್ತೆ ಪಾವಗಡದ ಕಡೆಯವರು. ತುಮಕೂರು ಜಿಲ್ಲೆಯ ಆ ತಾಲ್ಲೂಕು ಆಂಧ್ರದ ಒಳಗೆ ಚಾಚಿಕೊಂಡಿರುವುದು ನಿಮಗೆ ಗೊತ್ತು. ಅಲ್ಲಿಯವರಿಗೆ ಕನ್ನಡ ಎಷ್ಟೋ ತೆಲುಗೂ ಅಷ್ಟೇ. ಅಕ್ಷರ ಕಲಿತವರಲ್ಲ, ಆದರೆ ಅರ್ಧ ಎಕರೆ ಶೇಂಗಾದ ಲೆಕ್ಕವನ್ನು ಬೆರಳಲ್ಲೇ ಹಾಕಬಲ್ಲವರು. ಇಲ್ಲಿಗೆ ಬಂದ ಮೂರನೆಯ ದಿನಕ್ಕೆ ಅವರಿಗೆ ಉಸಿರು ಕಟ್ಟಿತು. "ಇದೇನಮ್ಮ, ಜೈಲಿನಂಗೆ ಬಾಗಿಲಾಕ್ಕಂಡು ಕೂತ್ಕಬೇಕು?" ಎನ್ನುತ್ತಿದ್ದರು. ಅದಕ್ಕೇ ಸಂಜೆ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದೆ. ಹಾಗೆ ಹೋದಾಗ ಒಂದು ಮನೆಯ ಕಾಂಪೌಂಡಿನಿಂದ ಹೊರಕ್ಕೆ ಬಾಗಿದ ಎಲಚಿ ಮರ ಕಂಡಿತು. ಇಲ್ಲಿ ಅದರ ಹಣ್ಣಿಗೆ "ಕನಾರ್" ಎನ್ನುತ್ತಾರೆ, ಮರಕ್ಕೆ "ಸಿದರ್". ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ವಿಮಾನ ನಿಲ್ದಾಣದಲ್ಲಿ ಮಗನನ್ನು ನೋಡಿದಾಗಲೂ ಅಷ್ಟು ಅರಳಿರಲಿಲ್ಲ.

ಯುಗಾದಿಗೆ ಇನ್ನೊಂದು ವಾರ ಇತ್ತು. ಮಧ್ಯಾಹ್ನ ಮಗನನ್ನು ಮಲಗಿಸುತ್ತಾ ನಾನೂ ನಿದ್ದೆಹೋದೆ. ಎದ್ದಾಗ ಮನೆಯೊಳಗೆ ಕೆಂಪು ಬೆಳಕು, ಹೊರಗೆ ಗಾಳಿಯ ಸದ್ದು, ಧೂಳು ಎದ್ದಿದೆ. "ಅತ್ತೇ, ಕಿಟಕಿ ಹಾಕಿದಿರಾ?" ಎಂದೆ. ಉತ್ತರವಿಲ್ಲ. ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿದೆ. ಅತ್ತೆಯ ಚಪ್ಪಲಿ ಇಲ್ಲ. ಗಂಟೆ ನಾಲ್ಕೂಮುಕ್ಕಾಲು.

ಅವರ ಬಳಿ ಫೋನಿಲ್ಲ, ವಿಳಾಸದ ಚೀಟಿಯಿಲ್ಲ, ಅರಬ್ಬಿ, ಇಂಗ್ಲಿಷು, ಹಿಂದಿ ಯಾವುದೂ ಇಲ್ಲ. ಅರವತ್ತೆಂಟು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ನಾನು ಮಗನನ್ನು ಸೊಂಟಕ್ಕೇರಿಸಿ ದುಪ್ಪಟ್ಟಾವನ್ನು ಅವನ ಮೂಗಿಗೆ ಕಟ್ಟಿ ಬೀದಿಗೆ ಓಡಿದೆ. ಹತ್ತು ಹೆಜ್ಜೆಯ ಆಚೆ ಏನೂ ಕಾಣದು. ಎಲಚಿ ಮರದ ನೆನಪಾಗಿ ಆ ಕಡೆ ನಡೆದೆ. ನಡೆಯುತ್ತಾ ನಡೆಯುತ್ತಾ ನನಗೇ ಯಾವ ಬೀದಿ ಎಂದು ತಿಳಿಯದಾಯಿತು. ಎಲ್ಲ ಗೋಡೆಯೂ ಒಂದೇ ಬಣ್ಣ. ಆಕಾಶವೂ ಅದೇ ಬಣ್ಣ. ಮೂಲೆಯ ಬಕಾಲಾದ ಮಲೆಯಾಳಿ ಅಂಗಡಿಯವರು ನನ್ನನ್ನು ಕಂಡು ಕರೆದು ನೀರು ಕೊಟ್ಟು, "ಚೇಚಿ, ನೀವು ಮನೆಗೆ ಹೋಗಿ, ಮಗು ಕೆಮ್ಮುತ್ತಿದೆ. ಅಮ್ಮ ಈ ಕಡೆ ಬಂದರೆ ನಾನು ಬಿಡುವುದಿಲ್ಲ" ಎಂದರು. ನಮ್ಮ ಮನೆಯವರು ಕೆಲಸದಿಂದ ಹೊರಟರೂ ಧೂಳಿನಲ್ಲಿ ಹೆದ್ದಾರಿಯ ಮೇಲೆ ಕಾರುಗಳು ಇರುವೆಯಂತೆ ಹರಿಯುತ್ತಿದ್ದವು.

ಸೂರ್ಯ ಮುಳುಗಿತು. ನಮ್ಮ ಯಜಮಾನರ ದಿವಾನಿಯಾದಲ್ಲಿ ದೀಪ ಹತ್ತಿತು. ದಿವಾನಿಯಾ ಎಂದರೆ ಗಂಡಸರು ಸೇರಿ ಚಹಾ ಕುಡಿದು ಮಾತಾಡುವ ಕೋಣೆ ಎಂದು ನಿಮಗೆ ಗೊತ್ತು. ಮೂರು ವರ್ಷ ಆ ಬಾಗಿಲ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದವಳು ನಾನು. ಆ ದಿನ ನೇರ ಹೋಗಿ ಬಾಗಿಲು ತಟ್ಟಿದೆ. ಒಳಗೆ ಏಳೆಂಟು ಜನ ಬಿಳಿಯ ದಿಶ್‌ದಾಶಾ ತೊಟ್ಟವರು. ನನಗೆ ಬರುತ್ತಿದ್ದ ಅರಬ್ಬಿ ಎಲ್ಲಾ ಕೂಡಿಸಿ ಹೇಳಿದೆ: "ಉಮ್, ಮಾಕು." ತಾಯಿ ಇಲ್ಲ. ಅಷ್ಟೇ. ಯಜಮಾನರು ಒಂದು ಕ್ಷಣ ನನ್ನ ಮುಖ ನೋಡಿದರು. ಎದ್ದರು. ಎಲ್ಲರೂ ಎದ್ದರು. ಎರಡು ನಿಮಿಷದಲ್ಲಿ ಐದು ಕಾರುಗಳು ದೀಪ ಹಾಕಿಕೊಂಡು ಐದು ಕಡೆಗೆ ಹೊರಟವು. ಯಜಮಾನರ ಹೆಂಡತಿ ಮಗನನ್ನು ಎತ್ತಿಕೊಂಡು ನನ್ನನ್ನು ಒಳಗೆ ಕೂರಿಸಿದರು. 112ಕ್ಕೆ ಫೋನ್ ಮಾಡಿ ಪೋಲೀಸರಿಗೂ ತಿಳಿಸಿದರು.

ಅತ್ತ ಅತ್ತೆಯ ಕಥೆ ಹೀಗೆ. ಅವರು ಎಲಚಿ ಹಣ್ಣು ಆಯಲು ಹೋದದ್ದು ನಿಜ. ಮಡಿಲ ತುಂಬ ಆಯ್ದೂ ಆಗಿತ್ತು. ಅಷ್ಟರಲ್ಲಿ ಧೂಳು ಎದ್ದಿತು. ತಿರುಗಿ ನೋಡಿದರೆ ಬಂದ ದಾರಿಯೇ ಇಲ್ಲ. ಒಂದು ತಿರುವು ತಪ್ಪಿದರು, ಇನ್ನೊಂದು ತಪ್ಪಿದರು. ಒಂದು ದೊಡ್ಡ ಮನೆಯ ಗೋಡೆಯ ಮಗ್ಗುಲಲ್ಲಿ ಸೆರಗು ಮುಖಕ್ಕೆ ಹೊದ್ದು ಕುಕ್ಕರುಗಾಲಿನಲ್ಲಿ ಕುಳಿತರು. ಆ ಮನೆಯ ಹಿಂಬದಿ ಗೇಟಿನಿಂದ ಕಸದ ಚೀಲ ಹಿಡಿದು ಒಬ್ಬ ಹೆಂಗಸು ಹೊರಬಂದಳು. ಸೀರೆಯುಟ್ಟ ಮುದುಕಿಯನ್ನು ನೋಡಿ ನಿಂತಳು. ಮೆಲ್ಲಗೆ ಕೇಳಿದಳು: "ಯಾಡಿಕಿ ಪೋವಾಲಮ್ಮಾ?"

ಎಲ್ಲಿಗೆ ಹೋಗಬೇಕಮ್ಮಾ! ಅತ್ತೆ ಆಮೇಲೆ ಹೇಳುತ್ತಿದ್ದರು, "ಆ ಧೂಳಲ್ಲಿ ಆ ಮಾತು ಕೇಳಿ ನಂಗೆ ಪೆನ್ನೋಬಳಯ್ಯ ಸ್ವಾಮೀನೇ ಬಂದಂಗಾತು ಕಣಮ್ಮ."

ಆಕೆ ಕಡಪ ಜಿಲ್ಲೆಯವಳು. ಆ ಮನೆಯ ಕೆಲಸದವಳು. ಅತ್ತೆಯನ್ನು ಒಳಗೆ ಕರೆದು ತನ್ನ ಕೋಣೆಯಲ್ಲಿ ಕೂರಿಸಿ ನೀರು ಕೊಟ್ಟು, ಮುಖ ತೊಳೆಸಿ, ಸಕ್ಕರೆ ಕಾಯಿಲೆ ಎಂದು ತಿಳಿದ ಮೇಲೆ ಒಣ ರೊಟ್ಟಿ ತಿನ್ನಿಸಿದಳು. ಆಮೇಲೆ ತನ್ನ ಮೇಡಂಗೆ ಹೇಳಿದಳು. ಕೆಲಸದವಳು ಗುರುತಿಲ್ಲದವರನ್ನು ಮನೆಯೊಳಗೆ ಕರೆದುಕೊಂಡದ್ದಕ್ಕೆ ಏನಾಗಬಹುದಿತ್ತೋ ಅದು ಆಕೆಗೆ ಗೊತ್ತಿತ್ತು. ಆದರೂ ಕರೆದಳು. ಆ ಮೇಡಂ ಕೂಡ ದೊಡ್ಡ ಮನಸ್ಸಿನವರು. ಡ್ರೈವರನ್ನು ಕರೆಸಿ, ವಯಸ್ಸಾದವರನ್ನು ಒಬ್ಬರೇ ಕಳಿಸಬಾರದೆಂದು ತಾವೂ ಅಬಾಯಾ ಹೊದ್ದು ಕಾರು ಹತ್ತಿದರು. ಮಾತು ತಿಳಿಯಲು ಆಕೆಯನ್ನೂ ಹತ್ತಿಸಿಕೊಂಡರು.

ಆದರೆ ಹೋಗುವುದೆಲ್ಲಿಗೆ? ಅತ್ತೆಗೆ ತಿಳಿದದ್ದು ಮೂರೇ: ಮಗನ ಹೆಸರು, ಮೂರನೆಯ ಮಹಡಿ, ಮೂಲೆಯಲ್ಲಿ ಈರುಳ್ಳಿ ಚೀಲ ಹೊರಗಿಟ್ಟಿರುವ ಒಂದು ಅಂಗಡಿ. ಕಾರು ಎಗೈಲಾದ ಬೀದಿ ಬೀದಿ ಸುತ್ತಿತು. ಪ್ರತಿ ತಿರುವಿನಲ್ಲೂ ಮೇಡಂ ಹಿಂತಿರುಗಿ "ಸೀದಾ?" ಎಂದು ಕೇಳುತ್ತಿದ್ದರಂತೆ. ಅತ್ತೆಗೆ ಆಶ್ಚರ್ಯ: ಈ ಅರಬ್ಬರ ಹೆಂಗಸಿಗೆ ನಮ್ಮ ಮಾತು ಹೇಗೆ ಬಂತು? ಅವರೂ ಧೈರ್ಯವಾಗಿ "ಸೀದಾ, ಸೀದಾ" ಎನ್ನುತ್ತಿದ್ದರಂತೆ. ದಾರಿ ಗೊತ್ತಿದ್ದಲ್ಲ, ಮಾತು ಗೊತ್ತಿದ್ದದ್ದಕ್ಕೆ. ಕೊನೆಗೆ ಆ ಈರುಳ್ಳಿ ಚೀಲ ಕಂಡಿತು. ನಮ್ಮ ಮಲೆಯಾಳಿ ಅಂಗಡಿಯವರು ಕಾರಿನೊಳಗೆ ಇಣುಕಿ, ಅಂಗಡಿಯನ್ನು ಹಾಗೇ ಬಿಟ್ಟು ಕಾರಿನ ಮುಂದೆ ಓಡಿಕೊಂಡು ಬಂದು ನಮ್ಮ ಮನೆ ತೋರಿಸಿದರು. ಏಳೂವರೆ ಗಂಟೆಗೆ ಅತ್ತೆ ಮನೆಗೆ ಬಂದರು. ನಾನು ಅಳುತ್ತಿದ್ದೆ. ಅವರು ಮಡಿಲು ಬಿಚ್ಚಿ, "ತಗಳಮ್ಮ, ಚೆನ್ನಾಗಿ ಹಣ್ಣಾಗಿದವೆ" ಎಂದರು.

ಬಂಧುಗಳೇ, ಲೆಕ್ಕ ಹಾಕಿ ನೋಡಿ. ಆ ದಿನ ನಮ್ಮ ಅತ್ತೆಯನ್ನು ಹುಡುಕಿದವರಲ್ಲಿ ಕನ್ನಡಿಗರು ಎಷ್ಟು ಜನ? ನಾನು ಮತ್ತು ನಮ್ಮ ಮನೆಯವರು, ಇಬ್ಬರೇ. ಮಿಕ್ಕವರು ಕುವೈತಿಗಳು, ಮಲೆಯಾಳಿ, ತೆಲುಗಿನವಳು. ಇಲ್ಲಿ ಸುಮಾರು ಹತ್ತು ಲಕ್ಷ ಭಾರತೀಯರಿದ್ದೇವೆ ಎನ್ನುತ್ತಾರೆ. ಆ ದಿನ ಹತ್ತು ಲಕ್ಷದಲ್ಲಿ ಬೇಕಾದದ್ದು ಒಬ್ಬಳು. ಕಸದ ಚೀಲ ಹಿಡಿದು ಹೊರಬಂದವಳು.

ಯುಗಾದಿಯ ದಿನ ಅತ್ತೆ ಹಟ ಹಿಡಿದು ಅವಳಿಗೆ ಒಬ್ಬಟ್ಟು ಕಟ್ಟಿಸಿದರು. ನಾವು ಹಿಂಬದಿಯ ಗೇಟಿನಲ್ಲಿ ನಿಂತೆವು. ಅವಳು ಹತ್ತು ನಿಮಿಷ ಮಾತ್ರ ನಿಲ್ಲಬಲ್ಲಳಾಗಿದ್ದಳು, ಒಳಗೆ ಅತಿಥಿಗಳಿದ್ದರು. ಆ ಹತ್ತು ನಿಮಿಷದಲ್ಲಿ ಅವಳು ಹೇಳಿದ್ದು: ಊರು ಬಿಟ್ಟು ಐದು ವರ್ಷ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ನರ್ಸಿಂಗ್ ಓದುತ್ತಿದ್ದಾಳೆ. ತಾಯಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದ ದಿನ ಮನೆಯಲ್ಲಿ ಮದುವೆಯ ಊಟ, ಮೂವತ್ತು ಕೋಳಿ ತೊಳೆಯುವುದಿತ್ತು. ಅವಳ ಮೇಡಂ ಒಳ್ಳೆಯವರೇ. ಆದರೆ ರಜೆ ಎಂಬುದನ್ನು ಇವಳು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ವಾರಕ್ಕೊಂದು ದಿನ ಬಿಡುವಿಲ್ಲವೇ ಎಂದು ಅತ್ತೆ ಕೇಳಿದರು. ಅವಳು ನಕ್ಕಳು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಮಾತಾಡಲಿಲ್ಲ. ಮೆಟ್ಟಿಲು ಹತ್ತುವಾಗ ಹೇಳಿದರು: "ನಮ್ಮೂರಾಗೆ ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡಲ್ಲ ಕಣಮ್ಮ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷ, 2015ರಲ್ಲಿ, ಕುವೈತ್ ಸರಕಾರ ಮನೆಗೆಲಸದವರಿಗಾಗಿ 68ನೆಯ ಸಂಖ್ಯೆಯ ಕಾನೂನು ತಂದಿತು. ದಿನಕ್ಕೆ 12 ಗಂಟೆ ಮೀರಿ ದುಡಿಸಬಾರದು, ವಾರಕ್ಕೊಂದು ದಿನ ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ, ಪಾಸ್‌ಪೋರ್ಟನ್ನು ಯಜಮಾನರು ಇಟ್ಟುಕೊಳ್ಳಬಾರದು ಎಂದು ಅದರಲ್ಲಿದೆ. ಪತ್ರಿಕೆಯಲ್ಲಿ ಅದನ್ನು ಓದಿದ ದಿನವೇ ಅತ್ತೆಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಅವಳಿಗೆ ಗೊತ್ತಾ?"

ನಾನು ಅಂದೇ ಸಂಜೆ ಆ ಮನೆಯ ಹಿಂಬದಿ ಗೇಟಿಗೆ ಹೋದೆ. ಹೋಗಿ ಎಷ್ಟು ದಿನವಾಗಿತ್ತು ಎಂದು ದಾರಿಯಲ್ಲಿ ಲೆಕ್ಕ ಹಾಕಿದೆ. ಅತ್ತೆ ಊರಿಗೆ ಹೊರಟ ಮೇಲೆ ಒಂದೋ ಎರಡೋ ಸಲ ಹೋಗಿದ್ದೆ, ಅಷ್ಟೆ. ಮಗನ ಶಾಲೆ, ಪರೀಕ್ಷೆ, ಕೂಟದ ನಾಟಕದ ತಾಲೀಮು. ಗೇಟು ತೆರೆದವಳು ಬೇರೆ ಹೆಂಗಸು, ಬೇರೆ ದೇಶದವಳು. ಕಡಪದ ಅಕ್ಕ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳಿಗೆ ತಿಳಿಯಲಿಲ್ಲ. ಹೆಸರು ಹೇಳಿ ಕೇಳೋಣವೆಂದರೆ, ಬಂಧುಗಳೇ, ಆಗ ನನಗೆ ಹೊಳೆಯಿತು. ಅವಳ ಜಿಲ್ಲೆ ಕೇಳಿದ್ದೆ, ಮಕ್ಕಳ ಓದು ಕೇಳಿದ್ದೆ. ಅವಳ ಹೆಸರು ಕೇಳಿರಲಿಲ್ಲ. ಅಕ್ಕ, ಅಕ್ಕ ಎಂದೇ ಕರೆದಿದ್ದೆ. ಊರಿಗೆ ಹೋದಳೋ, ಬೇರೆ ಮನೆಗೆ ಹೋದಳೋ, ಇಂದಿಗೂ ನನಗೆ ತಿಳಿಯದು.

ನಾವು ಪರದೇಶದ ಸಾಹಸಗಳನ್ನು ಹೇಳುವಾಗ ನಾವೇ ಕಥಾನಾಯಕರು. ನಾನು ಹೀಗೆ ನಿಭಾಯಿಸಿದೆ, ನಾನು ಹೀಗೆ ಗೆದ್ದೆ ಎನ್ನುತ್ತೇವೆ. ಗೀಸರಿನ ಗುಟ್ಟು ಹೇಳಿಕೊಟ್ಟವರು, ತಪ್ಪು ಬಾಗಿಲಲ್ಲಿ ಚಹಾ ಕೊಟ್ಟವರು, ಅಂಗಡಿ ಬಿಟ್ಟು ಓಡಿಬಂದವರು ಆ ಕಥೆಯಲ್ಲಿ ಬಂದು ಹೋಗುವ ಪಾತ್ರಗಳು. ನನ್ನ ಸೋದರಮಾವನೂ ಒಮ್ಮೆ ಹೇಳಿದ್ದರು, ಸೀಮೆಎಣ್ಣೆ ಬಾರದ ಆ ತಿಂಗಳು ಪಕ್ಕದ ಗುಡಿಸಲಿನವರು ತಮ್ಮ ದೀಪದ ಅರ್ಧ ಎಣ್ಣೆ ಸುರಿದುಕೊಟ್ಟರು ಎಂದು. ಆ ಪಕ್ಕದ ಗುಡಿಸಲಿನವರ ಹೆಸರೇನು ಎಂದು ನಾವು ಮಕ್ಕಳು ಕೇಳಲೇ ಇಲ್ಲ. ನಮಗೆ ಸಿಂಹ ಬೇಕಾಗಿತ್ತು.

ಆದ್ದರಿಂದ ಈ ಶುಭದಿನದಂದು ನನ್ನದು ಮೂರು ಸಣ್ಣ ಕೋರಿಕೆ. ಊರಿನಿಂದ ತಂದೆತಾಯಿ ಬಂದರೆ ಅವರ ಸೆರಗಿನ ತುದಿಗೋ ಜೇಬಿಗೋ ನಿಮ್ಮ ಫೋನ್ ನಂಬರು, ಬ್ಲಾಕು, ಬೀದಿ, ಮನೆ ನಂಬರನ್ನು ಅರಬ್ಬಿಯಲ್ಲಿ ಬರೆದ ಚೀಟಿ ಇಡಿ. ಇದನ್ನು ನಾನು ಅತ್ತು ಕಲಿತೆ, ನೀವು ನಕ್ಕು ಕಲಿಯಿರಿ. ಎರಡನೆಯದು, ನಮ್ಮ ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವವರಿಗೆ ಈ ಕಾನೂನಿನ ವಿಷಯ ಅವರ ಭಾಷೆಯಲ್ಲಿ ತಿಳಿಸೋಣ, ಮೊದಲು ನಾವು ಪಾಲಿಸೋಣ. ಕಷ್ಟದಲ್ಲಿರುವ ಭಾರತೀಯ ಹೆಣ್ಣುಮಕ್ಕಳಿಗೆ ನಮ್ಮ ರಾಯಭಾರ ಕಚೇರಿಯಲ್ಲಿ ಆಶ್ರಯವಿದೆ ಎಂಬುದನ್ನೂ ಹೇಳೋಣ. ಮೂರನೆಯದು, ಕೂಟದ ಹಬ್ಬದ ಊಟದಲ್ಲಿ ಪ್ರತಿ ಕುಟುಂಬವೂ ಒಂದು ಎಲೆ ಹೆಚ್ಚು ಹಾಕಿಸೋಣ. ಅದಕ್ಕೆ ಇಂಥ ಸಭೆಗೆ ಎಂದೂ ಬರಲಾಗದ ಒಬ್ಬರನ್ನು ಕರೆತರೋಣ. ಅವರು ಕನ್ನಡದವರೇ ಆಗಬೇಕೆಂದಿಲ್ಲ. ಆ ದಿನ ನಮ್ಮ ಅತ್ತೆಯನ್ನು ನೀನು ಯಾವ ಭಾಷೆಯವಳು ಎಂದು ಯಾರೂ ಮೊದಲು ಕೇಳಲಿಲ್ಲ. ಎಲ್ಲಿಗೆ ಹೋಗಬೇಕಮ್ಮಾ ಎಂದು ಕೇಳಿದರು.

ಕರೆತಂದಾಗ ಅವರ ಹೆಸರು ಕೇಳಲು ಮಾತ್ರ ಮರೆಯಬೇಡಿ.

ಊಟದ ವಾಸನೆ ಬರುತ್ತಿದೆ, ಹಿಂದಿನ ಸಾಲಿನ ಮಕ್ಕಳು ಎದ್ದು ನಿಂತಿದ್ದಾರೆ.  ನಮ್ಮ ಕೂಟ ನೂರ್ಕಾಲ ಬಾಳಲಿ. ಸಿರಿಗನ್ನಡಂ ಗೆಲ್ಗೆ.